ಕರುಣೆಗೆ ಪ್ರೇಕ್ಷಕರು

"ಎರಡರ ಕೆಳಗೂ ನನ್ನ ಸಹಿ ಇದೆ. ಆದ್ರೆ ಸಮಿತಿ ಒಪ್ಪಿದ್ದು ಒಂದನ್ನ ಮಾತ್ರ," ಎಂದರು ನಮ್ಮ ಕಚೇರಿಯ ಮುಖ್ಯಸ್ಥ ಡಾಕ್ಟರ್ ನೊವೋಟ್ನಿ.

ಮೇಜಿನ ಮೇಲೆ ಎರಡು ಪತ್ರಗಳು ಪಕ್ಕಪಕ್ಕದಲ್ಲಿದ್ದವು. ಎರಡೂ ಮಾರಿಸೋಲ್ ಉರೀಬೆಯ ಬಗ್ಗೆ. ನಮ್ಮ ಕಾಲೇಜಿನಿಂದ ಮೆಡಿಕಲ್ ಓದಲು ಹೊರಟವರ ಪರವಾಗಿ ನಮ್ಮ ಸಲಹಾ ಕಚೇರಿ ಬರೆದು ಕಳಿಸುವ ಶಿಫಾರಸು ಪತ್ರಗಳು. ಮೊದಲನೆಯದು ಆಗಸ್ಟ್ ಕೊನೆಗೆ ಹದಿನಾಲ್ಕು ಮೆಡಿಕಲ್ ಕಾಲೇಜುಗಳಿಗೆ ಹೋಗಿತ್ತು. ಎರಡನೆಯದು ಸೆಪ್ಟೆಂಬರ್ ಇಪ್ಪತ್ತೆರಡರಂದು 'ತಿದ್ದಿದ ಪ್ರತಿ' ಎಂಬ ಹೆಸರು ಹೊತ್ತು ಅವೇ ಹದಿನಾಲ್ಕು ಕಡೆಗೆ ಹೋಗಿತ್ತು. ಕಳಿಸಿದವರು ಯಾರು ಎಂಬುದು ನಿನ್ನೆ ಸಂಜೆಯಿಂದ ನಮ್ಮ ಮೂರು ಕೋಣೆಗಳಲ್ಲಿ ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆಯಾಗಿತ್ತು.

ನಿನ್ನೆ ನದಿಯಾಚೆಯ ಮೆಡಿಕಲ್ ಕಾಲೇಜಿನಿಂದ ಫೋನು ಬಂದಾಗ ಎತ್ತಿದವಳು ನಮ್ಮ ಹಿರಿಯ ಸಹೋದ್ಯೋಗಿ ಪೆಗ್. ಒಂದೇ ಹುಡುಗಿಯನ್ನು ಒಂದು ಪತ್ರದಲ್ಲಿ ಹೊಗಳಿ ಇನ್ನೊಂದರಲ್ಲಿ ಚುಚ್ಚಿದ್ದೀರಲ್ಲ, ಯಾವುದನ್ನು ನಂಬೋಣ ಎಂದು ಆ ಕಡೆಯವರು ಕೇಳಿದ್ದರು. ನಾಳೆ ಶುಕ್ರವಾರ ಸಂಜೆ ಐದರೊಳಗೆ ಯಾವುದು ನಿಜ, ಇನ್ನೊಂದು ಯಾರ ಕೆಲಸ ಎಂದು ನಾವು ಬರೆದು ತಿಳಿಸಬೇಕು. ಇಲ್ಲದಿದ್ದರೆ ಎರಡನ್ನೂ ಬದಿಗಿಡುತ್ತಾರೆ. ನಮ್ಮ ಪತ್ರವಿಲ್ಲದ ಅರ್ಜಿಯನ್ನು ಅವರು ಪರಿಗಣಿಸುವುದೇ ಇಲ್ಲ. ಅಲ್ಲಿ ಮಾರಿಸೋಲಳ ಸೀಟು ಅಷ್ಟಕ್ಕೇ ಮುಗಿಯುತ್ತದೆ.

"ಓದಿ ನೋಡಿ, ಇಬ್ಬರೂ," ಎಂದು ಡಾಕ್ಟರ್ ಎರಡನೆಯ ಪತ್ರವನ್ನು ನಮ್ಮ ಕಡೆ ತಿರುಗಿಸಿದರು.

ಪೆಗ್ ಕನ್ನಡಕ ಹುಡುಕುತ್ತಿದ್ದಳು. ನಾನು ಮೊದಲು ಓದಿದೆ. ಮೂರನೆಯ ಪ್ಯಾರಾದ ಕೊನೆಯಲ್ಲಿ ಕಣ್ಣು ನಿಂತಿತು.

'ಆಕೆಯ ಕರುಣೆಗೆ ಪ್ರೇಕ್ಷಕರು ಬೇಕು.'

ಆ ವಾಕ್ಯ ನನ್ನದು. ಸೆಪ್ಟೆಂಬರ್ ಹದಿನಾಲ್ಕರಂದು ನನ್ನ ಡೈರಿಯಲ್ಲಿ ನಾನೇ ಪೆನ್ಸಿಲ್ಲಿನಲ್ಲಿ ಬರೆದದ್ದು. ನಾನು ಬರೆದಾಗ ಉದ್ದವಾಗಿ, ಅಂಜಿಕೆಯಿಂದ ತೊದಲುತ್ತಿತ್ತು. ಇಲ್ಲಿ ಯಾರೋ ಅದರ ಬಾಲ ಕತ್ತರಿಸಿದ್ದರು. ನನ್ನದಕ್ಕಿಂತ ಚೆನ್ನಾಗಿತ್ತು. ನನಗೆ ಮೊದಲು ಹೊಳೆದದ್ದು ಅದೇ ಎಂಬುದನ್ನು ಯಾರಿಗೂ ಹೇಳಲಾರೆ.

"ಮೂರು ಗಂಟೆಗೆ ಎಲ್ಲರ ಡ್ರಾಯರುಗಳನ್ನೂ ನೋಡ್ತೀನಿ. ನನ್ನದೂ ಸೇರಿ," ಎಂದರು ಡಾಕ್ಟರ್ ನೊವೋಟ್ನಿ. "ಈಗಲೇ ಹೇಳ್ತಿದ್ದೀನಿ, ಯಾರಿಗೂ ಅವಮಾನ ಆಗಬಾರದು."

ಅವರ ಹಿಂದಿನ ಗೋಡೆಯಲ್ಲಿ ಎರಡು ಚೌಕಟ್ಟುಗಳಿದ್ದವು. ಒಂದರಲ್ಲಿ ಉತ್ತರದ ಸರೋವರದ ದಡದಲ್ಲಿ ಮೊಳದುದ್ದದ ಮೀನು ಹಿಡಿದು ನಿಂತ ಅವರ ಈ ಆಗಸ್ಟಿನ ಚಿತ್ರ. ಇನ್ನೊಂದರಲ್ಲಿ ೧೯೭೯ರ ಕಾಗದ, 'ವಿಷಾದದಿಂದ ತಿಳಿಸುತ್ತೇವೆ' ಎಂದು ಒಂದು ಮೆಡಿಕಲ್ ಕಾಲೇಜು ಅವರಿಗೆ ಬರೆದದ್ದು. ಅವರ ಡಾಕ್ಟರ್ ಪದವಿ ವೈದ್ಯರದ್ದಲ್ಲ, ಪಿಎಚ್‌ಡಿಯದ್ದು. ಸೀಟು ಸಿಗದೆ ಅತ್ತವರಿಗೆಲ್ಲ ಅವರು ಅದನ್ನು ತೋರಿಸುತ್ತಿದ್ದರು. ಹೋದ ವರ್ಷ ನನಗೂ ತೋರಿಸಿದ್ದರು. ಆಗ ನಾನು ಹದಿನೆಂಟು ಕಾಲೇಜುಗಳಿಗೆ ಅರ್ಜಿ ಹಾಕಿ ಹದಿನೆಂಟು ಕಡೆಯಿಂದಲೂ ಇಲ್ಲ ಎನಿಸಿಕೊಂಡಿದ್ದೆ. "ಇನ್ನೊಂದು ವರ್ಷ ಕಾಯಿ, ಕೋರಾ. ಇಲ್ಲೇ ಕೆಲಸ ಮಾಡು," ಎಂದು ಮುಂದಿನ ಮೇಜು ಕೊಟ್ಟವರೂ ಅವರೇ.

ಆ ಮೇಜಿನ ಕೆಳಗಿನ ಡ್ರಾಯರಿನಲ್ಲಿ, ಟೀ ಚೀಲಗಳ ಡಬ್ಬಿಯ ಅಡಿಯಲ್ಲಿ, ನನ್ನ ಡೈರಿ ಇತ್ತು.

*

ಬೆಳಗ್ಗೆ ಹತ್ತರಿಂದ ನಾನು ಆ ಡ್ರಾಯರನ್ನು ಮುಟ್ಟಲಿಲ್ಲ. ಪೆಗ್‌ಳ ಬಾಗಿಲು ಸದಾ ತೆರೆದೇ ಇರುತ್ತದೆ, ಅವಳ ಕುರ್ಚಿಯಿಂದ ನನ್ನ ಮೇಜು ನೇರ ಕಾಣುತ್ತದೆ. ಟೀ ಕುಡಿಯುವ ನೆಪವನ್ನೂ ಮಾಡಲಿಲ್ಲ.

ಡೈರಿಯ ಹಳೆಯ ಪುಟಗಳನ್ನು ನಾನು ತಿರುಗಿಸುವುದಿಲ್ಲ. ಬರೆದು, ತರಕಾರಿ ಕಟ್ಟಿಗೆ ಬರುವ ನೀಲಿ ರಬ್ಬರು ಹಾಕಿಟ್ಟರೆ ಮುಗಿಯಿತು. ಆದರೂ ಸೆಪ್ಟೆಂಬರ್ ಹದಿನಾಲ್ಕು ನನಗೆ ಬಾಯಿಪಾಠವಾಗಿತ್ತು.

ಅಂದು ಭಾನುವಾರ. ಮಾರಿಸೋಲ್ ಸಹಾಯಕಿಯಾಗಿ ದುಡಿಯುವ ವೃದ್ಧಾಶ್ರಮಕ್ಕೆ ನಾನೂ ಹೋಗಿದ್ದೆ. ಅಲ್ಲೊಬ್ಬ ಮುದುಕ, ಹೆಸರು ಆರ್ಲೋ, ಯಾರು ಹತ್ತಿರ ಬಂದರೂ ಚಮಚ ಎಸೆಯುತ್ತಿದ್ದ. ಮಾರಿಸೋಲ್ ಅವನ ಕಾಲುಗಳನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟು ಒಂದೊಂದೇ ಉಗುರು ಕತ್ತರಿಸಿದಳು. ಅವಳ ತಾಯಿ ಹಂದಿಮಾಂಸದ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಚಾಕು ಹಿಡಿದವಳು. ಹಿಡಿತ ಅಮ್ಮನಿಂದ ಬಂದದ್ದು ಎಂದು ಮಾರಿಸೋಲ್ ಹೇಳಿದಾಗ ಮುದುಕ ನಕ್ಕ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಸಾವಯವ ರಸಾಯನಶಾಸ್ತ್ರವನ್ನು ಅವಳಿಗೆ ಹೇಳಿಕೊಟ್ಟವಳು ನಾನು. ಲೈಬ್ರರಿಯ ಕಿಟಕಿಯ ಪಕ್ಕದ ಮೇಜು, ಎರಡು ಚಳಿಗಾಲ. ಪರೀಕ್ಷೆಯಲ್ಲಿ ಅವಳಿಗೆ ನನಗಿಂತ ಹೆಚ್ಚು ಬಂತು. ಆಮೇಲೆ ಸಂದರ್ಶನಗಳು ಬಂದವು, ಒಂದರ ಹಿಂದೆ ಒಂದು. ಪ್ರತಿ ಸಲವೂ ಅವಳು ನನ್ನ ಮೇಜಿಗೆ ಓಡಿ ಬಂದು, ನನ್ನ ಮುಖ ನೋಡಿ, ದನಿ ತಗ್ಗಿಸಿ ಹೇಳುತ್ತಿದ್ದಳು. ಆ ತಗ್ಗಿಸಿದ ದನಿಯೇ ನನ್ನನ್ನು ಹೆಚ್ಚು ಸುಟ್ಟಿತು. ಸಂತೋಷಪಟ್ಟೆ ಎಂದು ನಾನು ಹೇಳುತ್ತಿದ್ದುದು ಸುಳ್ಳಲ್ಲ. ಆದರೆ ಹೇಳಿ ಮುಗಿಸುವಷ್ಟರಲ್ಲಿ ಹೊಟ್ಟೆಯೊಳಗೆ ಏನೋ ಉರಿದು ಬೂದಿಯಾಗುತ್ತಿತ್ತು.

ಆ ಬೂದಿಯನ್ನು ನಾನು ಡೈರಿಯಲ್ಲಿ ಸುರಿಯುತ್ತಿದ್ದೆ.

ಪತ್ರದ ಕೊನೆಯ ಸಾಲನ್ನೂ ಬದಲಿಸಿದ್ದರು. ನಮ್ಮ ಪತ್ರಗಳು ಮೂರೇ ರೀತಿಯಲ್ಲಿ ಮುಗಿಯುತ್ತವೆ. 'ಶಿಫಾರಸು ಮಾಡುತ್ತೇವೆ' ಎಂದರೆ ಬೇಡವೆಂದೇ ಲೆಕ್ಕ. 'ವಿಶ್ವಾಸದಿಂದ' ಎಂದರೆ ಪರವಾಗಿಲ್ಲ. 'ಯಾವ ಅಳುಕೂ ಇಲ್ಲದೆ' ಎಂಬುದನ್ನು ಡಾಕ್ಟರ್ ನೊವೋಟ್ನಿ ವರ್ಷಕ್ಕೆ ಒಬ್ಬರಿಗೆ ಮಾತ್ರ ಬರೆಯುತ್ತಾರೆ. ಮೆಡಿಕಲ್ ಕಾಲೇಜುಗಳು ಅದಕ್ಕಾಗಿ ಕಾಯುತ್ತವೆ. ಈ ವರ್ಷ ಸಮಿತಿಯ ಮೂವರೂ, ಅಂದರೆ ಡಾಕ್ಟರ್, ಪೆಗ್ ಮತ್ತು ರಸಾಯನಶಾಸ್ತ್ರದ ಸೋರೆನ್‌ಸನ್, ಅದು ಮಾರಿಸೋಲಳಿಗೇ ಎಂದು ಒಮ್ಮತದಿಂದ ಬರೆದುಕೊಟ್ಟಿದ್ದರು. ಎರಡನೆಯ ಪತ್ರದಲ್ಲಿ ಬರೇ 'ಶಿಫಾರಸು ಮಾಡುತ್ತೇವೆ' ಎಂದಿತ್ತು.

ಹನ್ನೊಂದೂವರೆಗೆ ಡಾಕ್ಟರು ಪಾಠಕ್ಕೆ ಹೋದಾಗ ನಾನು ಬೂದುಬಣ್ಣದ ಉಕ್ಕಿನ ಬೀರು ತೆರೆದೆ. ಅದರ ಬೀಗದ ಕೈ ನನ್ನಲ್ಲೊಂದು, ಅವರಲ್ಲೊಂದು, ಪೆಗ್‌ಳಲ್ಲೊಂದು. ಸೋರೆನ್‌ಸನ್‌ಗೆ ಕೊಟ್ಟಿಲ್ಲ. ಅವರು ಜುಲೈನಿಂದ ನಾರ್ವೆಯಲ್ಲೇ ಇದ್ದಾರೆ.

ಮಾರಿಸೋಲಳ ಕಾಗದದ ಫೈಲು ತೆಳ್ಳಗಿತ್ತು. ಅದರಲ್ಲಿ ಜೂನ್ ತಿಂಗಳ ಕರಡು ಇತ್ತು. ವೃದ್ಧಾಶ್ರಮದಲ್ಲಿ ಅವಳು ದುಡಿದದ್ದು ಇನ್ನೂರ ಅರವತ್ತು ಗಂಟೆ ಎಂದು ಅದರಲ್ಲಿತ್ತು.

ಎರಡನೆಯ ಪತ್ರದಲ್ಲೂ ಇನ್ನೂರ ಅರವತ್ತೇ.

ಅದು ಹಳೆಯ ಲೆಕ್ಕ. ಪ್ರತಿ ಆಗಸ್ಟಿನಲ್ಲಿ ಒಂದು ವಾರ ಪೂರ್ತಿ ವಿದ್ಯಾರ್ಥಿಗಳು ತಮ್ಮ ಬೇಸಿಗೆಯ ಗಂಟೆಗಳನ್ನು ತಂದು ಒಪ್ಪಿಸುತ್ತಾರೆ. ನಾನು ಮುದ್ರೆ ಒತ್ತುತ್ತೇನೆ. ಮಾರಿಸೋಲ್ ತಂದದ್ದು ನಾನೂರ ಹನ್ನೆರಡು. ನಾನೇ ಮುದ್ರೆ ಒತ್ತಿದ್ದೆ, ಒತ್ತುವಾಗ ಕೈ ಸ್ವಲ್ಪ ಗಟ್ಟಿಯಾಗಿಯೇ ಬಿದ್ದಿತ್ತು. ಮೊದಲ ಪತ್ರದಲ್ಲಿ ನಾನೂರ ಹನ್ನೆರಡು ಇತ್ತು. ಕಳ್ಳ ಕೈ ಕಂಪ್ಯೂಟರಿನಲ್ಲಿದ್ದ ಪತ್ರವನ್ನು ತಿದ್ದಿರಲಿಲ್ಲ. ಬೀರುವಿನ ಹಳೆಯ ಕರಡನ್ನು ಮುಂದಿಟ್ಟುಕೊಂಡು ಹೊಸದಾಗಿ ಟೈಪು ಮಾಡಿತ್ತು.

ಅಂದರೆ ಆ ಕೈಗೆ ಆಗಸ್ಟ್ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹಾಗಾದರೆ ನಾನಲ್ಲ.

ನನ್ನ ಬಗ್ಗೆ ನನಗೇ ಸಾಕ್ಷಿ ಬೇಕಾಗಿ ಬಂದಿತ್ತಲ್ಲ ಎಂದು ಆಮೇಲೆ ನಾಚಿಕೆಯಾಯಿತು.

ಹುಡುಕಾಟಕ್ಕೆ ಹೊರಟವರೇ ಡಾಕ್ಟರು; ಉಳಿದವಳು ಪೆಗ್. ಆಗಸ್ಟಿನಲ್ಲಿ ಸೊಂಟದ ಆಪರೇಷನ್ ಎಂದು ಅವಳು ಮನೆಯಲ್ಲಿದ್ದಳು. ಮೂರು ವರ್ಷದ ಹಿಂದೆ ಅವಳ ಮಗ ಡಾರೆಲ್ ಇದೇ ಸಮಿತಿಯ ಮುಂದೆ ಕುಳಿತು ಬರೇ 'ವಿಶ್ವಾಸದಿಂದ' ಎನಿಸಿಕೊಂಡಿದ್ದ. ಎಲ್ಲೂ ಸೀಟಾಗಲಿಲ್ಲ. ಈಗ ಜೋಳದ ಬಿತ್ತನೆ ಬೀಜ ಮಾರುತ್ತಾನೆ.

*

ಗುರುವಾರ ಪೆಗ್ ಊಟದ ಮನೆಗೆ ಹೋಗುವುದಿಲ್ಲ. ಖಾರದ ಹುರುಳಿ ಗಂಜಿಯನ್ನೂ ಅದರ ಜೊತೆಗೆ ಕೊಡುವ ದಾಲ್ಚಿನ್ನಿ ಬನ್ನನ್ನೂ ತಟ್ಟೆಯಲ್ಲಿ ಕೋಣೆಗೇ ತರಿಸಿಕೊಳ್ಳುತ್ತಾಳೆ. ಎರಡು ಗಂಟೆಗೆ ನಾನು ಹೋದಾಗ ಬನ್ನನ್ನು ಗಂಜಿಯಲ್ಲಿ ಅದ್ದುತ್ತಿದ್ದಳು.

"ಬಾ ಚಿನ್ನ. ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀನು," ಎಂದು ಅರ್ಧ ಮುರಿದು ಕೊಟ್ಟಳು.

ನಾನು ತೆಗೆದುಕೊಳ್ಳಲಿಲ್ಲ. ಜೋರಾಗಿ ಮಾತಾಡುವುದು ನನಗೆ ಬರುವುದಿಲ್ಲ. ಬಾಗಿಲು ಮುಚ್ಚಿದೆ. ಅಷ್ಟಕ್ಕೇ ಅವಳು ಚಮಚ ಕೆಳಗಿಟ್ಟಳು.

ಇನ್ನೂರ ಅರವತ್ತರ ವಿಷಯ ಹೇಳಿದೆ. ಜೂನ್ ಕರಡನ್ನು ಮುಂದಿಟ್ಟೆ. ಪತ್ರ ಕಳಿಸುವ ಪಾಸ್‌ವರ್ಡಿನ ಚೀಟಿ ಅವಳ ಮಿಠಾಯಿ ಬಟ್ಟಲಿನ ಅಡಿಯಲ್ಲಿ ಅಂಟಿಕೊಂಡಿದೆ ಎಂಬುದನ್ನು ನೆನಪಿಸಿದೆ. ಆಮೇಲೆ, ಅವಳ ಕಣ್ಣು ನೋಡದೆ, ಡಾರೆಲ್‌ನ ಹೆಸರು ಎತ್ತಿದೆ.

ಪೆಗ್ ಬೆರಳಿಗಂಟಿದ ಸಕ್ಕರೆ ಒರೆಸಿಕೊಂಡಳು.

"ಹೊಟ್ಟೆ ಉರೀಲಿಲ್ಲ ಅಂತ ಹೇಳಲ್ಲ," ಎಂದಳು. "ಉರೀತು. ಆ ಹುಡುಗಿ ಸಮಿತಿ ಮುಂದೆ ಮಾತಾಡ್ತಾ ಇದ್ರೆ ನಂಗೆ ನನ್ನ ಮಗ ಬೆವರು ಒರೆಸ್ಕೊಂಡು ಕೂತಿದ್ದೇ ಕಾಣ್ತಿತ್ತು. ಆದ್ರೂ ಅವಳಿಗೆ ಪೂರ್ತಿ ಅಂಕ ಕೊಟ್ಟೆ. ಯಾಕೆ ಅಂದ್ರೆ ನಾಳೆ ನಂಗೇ ಹುಷಾರಿಲ್ಲದೆ ಹೋದ್ರೆ ಅವಳೇ ಬರಲಿ ಅನ್ನಿಸ್ತು. ಡಾರೆಲ್ ಬೇಡ." ನಕ್ಕಳು. "ಇದನ್ನ ಅವನಿಗೆ ಹೇಳಬೇಡ."

"ಆಗಸ್ಟಲ್ಲಿ ನೀವಿರಲಿಲ್ಲ."

"ಸೊಂಟ ಮನೇಲಿತ್ತು. ಕೈ ಕೆಲಸ ಮಾಡ್ತಿತ್ತು." ಅವಳು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. "ನೀನು ಮುದ್ರೆ ಒತ್ತಿ ಸ್ಕ್ಯಾನ್ ಮಾಡಿದ್ದನ್ನೆಲ್ಲ ಹಾಸಿಗೇಲಿ ಮಲಗಿ ತುಂಬಿಸಿದ್ದು ಯಾರು ಅಂದ್ಕೊಂಡೆ? ನೋಡಿಲ್ಲಿ. ಆಗಸ್ಟ್ ಇಪ್ಪತ್ತೊಂದು, ನಾನೂರ ಹನ್ನೆರಡು. ಡಾಕ್ಟರ ಸಹಿಯ ಚಿತ್ರ ಅಂಟಿಸಿ ಮೊದಲನೇ ಪತ್ರ ಕಳಿಸಿದೋಳೂ ನಾನೇ. ನಾನು ಸುಳ್ಳು ಪತ್ರ ಬರೆದ್ರೆ ಗಂಟೆ ತಪ್ಪಾಗಿ ಬರೀತೀನಾ, ಚಿನ್ನ?"

ತಪ್ಪಾಯಿತು ಎಂದೆ. ಅವಳು ಕೈ ಬೀಸಿ ಅದನ್ನು ಪಕ್ಕಕ್ಕೆ ಸರಿಸಿದಳು.

"ನೀನು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಅವಳಿಂದ ಕಿತ್ತುಕೊಂಡ ಮಾತು ಎಲ್ಲಿಗೆ ಹೋಯ್ತು? ವರ್ಷಕ್ಕೊಂದು ಸಲ ಬರೆಯೋ ಮಾತು, ಅದನ್ನ ಗಾಳೀಲಿ ಬಿಡೋಕಾಗಲ್ಲ. ಸೆಪ್ಟೆಂಬರ್ ಇಪ್ಪತ್ತೆರಡನೇ ತಾರೀಖು ಇನ್ನೊಬ್ಬರದ್ದೂ ಪತ್ರ ಬದಲಾಗಿದೆ. ನಿನ್ನೆ ಸಂಜೆ ನೋಡಿದೆ."

"ಯಾರದ್ದು?"

ಪೆಗ್ ಮಿಠಾಯಿ ಬಟ್ಟಲನ್ನು ನೋಡಿದಳು. ನಮ್ಮಲ್ಲಿ ಅರ್ಜಿದಾರರೆಲ್ಲ ಮೊದಲೇ ಒಂದು ಕಾಗದಕ್ಕೆ ಸಹಿ ಹಾಕಿರುತ್ತಾರೆ, ತಮ್ಮ ಪತ್ರವನ್ನು ತಾವು ಎಂದೂ ನೋಡಲು ಕೇಳುವುದಿಲ್ಲ ಎಂದು. ಬೇರೆ ಯಾರದೇ ಆಗಿದ್ದರೂ ಅವಳು ನನಗೆ ಹೆಸರು ಹೇಳುತ್ತಿದ್ದಳು. ಹೇಳಬಾರದ್ದು ನನ್ನದೊಂದನ್ನು ಮಾತ್ರ.

ಈ ವರ್ಷ ನಾನು ಮತ್ತೆ ಅರ್ಜಿ ಹಾಕಿದ್ದೆ. ಸೋಮವಾರ ನನಗೊಂದು ಇಮೇಲ್ ಬಂದಿತ್ತು. ನದಿಯಾಚೆಯ ಮೆಡಿಕಲ್ ಕಾಲೇಜು, ಸಂದರ್ಶನ, ನವೆಂಬರ್ ಹದಿಮೂರು. ಹತ್ತೊಂಬತ್ತನೆಯ ಬಾಗಿಲು ಕೊನೆಗೂ ತೆರೆದಿತ್ತು. ಹಾರಿಹೋದೀತು ಎಂಬ ಹೆದರಿಕೆಯಿಂದ ಅಪ್ಪನಿಗೂ ಹೇಳಿರಲಿಲ್ಲ. ಆ ತಾರೀಖನ್ನು ಡೈರಿಯಲ್ಲಿ ಬರೆದು, ಸುತ್ತ ಎರಡು ಗೆರೆ ಎಳೆದು, ರಬ್ಬರು ಹಾಕಿದ್ದೆ.

"ಮೂರಕ್ಕೆ ಮುಂಚೆ ನೀನಾಗೇ ಏನಾದ್ರೂ ಹೇಳೋದಿದ್ರೆ ಹೇಳಿಬಿಡು," ಎಂದಳು ಪೆಗ್. "ಸಿಕ್ಕಿಬಿದ್ದು ಹೇಳಿದ್ರೆ ಯಾರೂ ನಂಬಲ್ಲ."

*

ಹೊರಗೆ ಬಂದಾಗ ಎರಡೂಕಾಲು. ಶೌಚಾಲಯದ ಬಾಗಿಲು ಹಾಕಿಕೊಂಡು ಕುಳಿತೆ. ಡೈರಿಯನ್ನು ಮೇಲೊಯ್ದು ಡಾಕ್ಟರ ಮುಂದಿಟ್ಟು, ವಾಕ್ಯ ನನ್ನದು, ಕಳಿಸಿದ್ದು ನಾನಲ್ಲ ಎಂದರೆ ಮಾರಿಸೋಲಳಿಗೆ ಸೀಟು ಉಳಿಯುತ್ತದೆ. ನನ್ನ ಹದಿಮೂರನೆಯ ತಾರೀಖು ಹೋಗುತ್ತದೆ. ಡೈರಿಯನ್ನು ಚೀಲದೊಳಗೆ ತುರುಕಿಕೊಂಡು ಮನೆಗೆ ನಡೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ನಾಳೆ ಐದಕ್ಕೆ ಎರಡೂ ಪತ್ರಗಳು ಕಸದ ಬುಟ್ಟಿ ಸೇರುತ್ತವೆ.

ಅರ್ಧ ಗಂಟೆ ಬೇಕಾಯಿತು. ಒಳ್ಳೆಯವರಿಗೆ ಅಷ್ಟು ಬೇಕಾಗುತ್ತಿರಲಿಲ್ಲ.

ಮೂರಕ್ಕೆ ಹತ್ತು ನಿಮಿಷವಿರುವಾಗ ಡ್ರಾಯರು ಎಳೆದೆ. ಮೇಲಕ್ಕೆ ಒಯ್ಯಲು ಎಳೆದೆನೋ, ಚೀಲಕ್ಕೆ ಹಾಕಲು ಎಳೆದೆನೋ, ಈಗಲೂ ಖಚಿತವಾಗಿ ಹೇಳಲಾರೆ.

ಟೀ ಡಬ್ಬಿ ಇತ್ತು. ಅದರ ಅಡಿಯಲ್ಲಿ ಏನೂ ಇರಲಿಲ್ಲ.

ಡಾಕ್ಟರ ಕೋಣೆ ಮೇಲಂತಸ್ತಿನಲ್ಲಿದೆ. ನಾನು ಮೆಟ್ಟಿಲ ಕಡೆ ಓಡಿದೆ. ತಿರುವಿನಲ್ಲಿ, ಕಿಟಕಿಯ ಕೆಳಗಿನ ಮೆಟ್ಟಿಲ ಮೇಲೆ, ಕೋಟನ್ನೂ ಬಿಚ್ಚದೆ ಮಾರಿಸೋಲ್ ಕುಳಿತಿದ್ದಳು. ಮಡಿಲಲ್ಲಿ ನನ್ನ ಕಂದು ಡೈರಿ. ನೀಲಿ ರಬ್ಬರು ಹಾಗೇ ಇತ್ತು.

"ನಾನೇ ತಗೊಂಡೆ," ಎಂದಳು. "ಎಲ್ಲಿಡ್ತೀಯ ಅಂತ ನಂಗೆ ಗೊತ್ತಲ್ಲ. ಡ್ರಾಯರು ನೋಡ್ತಾರೆ ಅಂತ ಊಟದ ಮನೇಲಿ ಎಲ್ರೂ ಮಾತಾಡ್ತಿದ್ರು."

ನಾನು ಎರಡು ಮೆಟ್ಟಿಲು ಕೆಳಗೇ ನಿಂತೆ.

ಮೂರು ವಾರದ ಹಿಂದೆ ನದಿಯಾಚೆ ಅವಳ ಸಂದರ್ಶನ ಮಾಡಿದ ಹೆಂಗಸು ಕೊನೆಗೆ ಒಂದು ಪ್ರಶ್ನೆ ಕೇಳಿದಳಂತೆ. ನಿನ್ನ ಕರುಣೆಗೆ ಪ್ರೇಕ್ಷಕರು ಬೇಕು ಎನ್ನುತ್ತಾರೆ, ಏನು ಹೇಳುತ್ತೀಯ ಎಂದು. ಮಾರಿಸೋಲ್ ಥ್ಯಾಂಕ್ಸ್ ಹೇಳಿ ಎದ್ದು ಬಂದಿದ್ದಳು. ಅದನ್ನು ನನಗೂ ಹೇಳಿರಲಿಲ್ಲ.

"ಕೇಳಿದ ತಕ್ಷಣ ನಿನ್ನ ದನಿ ಕೇಳಿಸ್ತು ಕಣೇ," ಎಂದಳು. "ಲೈಬ್ರರೀಲಿ ಮೇಷ್ಟ್ರುಗಳ ಬಗ್ಗೆ ಹಿಂಗೇ ಒಂದೊಂದು ಸಾಲು ಹೇಳಿ ನನ್ನ ನಗಿಸ್ತಿದ್ದೆಯಲ್ಲ. ಆದ್ರೆ ನಾನು ಇದನ್ನ ತೆಗೆದು ನೋಡಿಲ್ಲ. ಅವರು ಓದೋಕೆ ಮುಂಚೆ ನೀನೇ ಓದಿ ಹೇಳು."

ಪಕ್ಕದಲ್ಲಿ ಕುಳಿತೆ. ರಬ್ಬರು ತೆಗೆದೆ. ಸೆಪ್ಟೆಂಬರ್ ಹದಿನಾಲ್ಕು ಹುಡುಕಿ, ಪುಟದ ಮೇಲೆ ಕೈ ಅಡ್ಡ ಇಟ್ಟುಕೊಂಡು, ತಲೆ ಎತ್ತದೆ ಓದಿದೆ.

"'ಮಾರಿಸೋಲಳ ಕರುಣೆಗೆ ಯಾವಾಗಲೂ ಯಾರಾದರೂ ಪ್ರೇಕ್ಷಕರು ಬೇಕು ಎಂದು ನನಗೆ ಅನಿಸುತ್ತದೆ.'"

"ಆವತ್ತು ಆರ್ಲೋ ಬಾಗಿಲಲ್ಲಿ ನಿಂತು ನೋಡ್ತಿದ್ದೋಳು ನೀನೊಬ್ಬಳೇ," ಎಂದಳು. "ಅದಕ್ಕೆ ಮುಂಚಿನ ನಾನೂರ ಹನ್ನೆರಡು ಗಂಟೆ ನೋಡೋಕೆ ಯಾರೂ ಇರಲಿಲ್ಲ."

ಅವಳ ಕಣ್ಣು ಪುಟದ ಮೇಲೆ ಬಿತ್ತು. ನನ್ನ ಕೈಯನ್ನು ಮೆಲ್ಲಗೆ ಸರಿಸಿದಳು.

"ಇದೇನು?"

ನನ್ನ ಪೆನ್ಸಿಲ್ಲಿನ ಸಾಲಿನ ಮೇಲೆ ಶಾಯಿಯ ಗೆರೆಗಳಿದ್ದವು. 'ಯಾವಾಗಲೂ ಯಾರಾದರೂ' ಹೊಡೆದು ಹಾಕಿತ್ತು. 'ಎಂದು ನನಗೆ ಅನಿಸುತ್ತದೆ' ಎಂಬುದನ್ನೂ ಒಂದೇ ಓಟದಲ್ಲಿ ಹೊಡೆದು, ಅಂಚಿನಲ್ಲಿ ಸಣ್ಣ ಬಾಗಿದ ಅಕ್ಷರಗಳಲ್ಲಿ ಬರೆದಿತ್ತು: 'ಅನಿಸಿಕೆ ಬೇಡ. ಹೇಳು.'

ಹಸಿರು ಶಾಯಿ.

ಮಾರಿಸೋಲ್ ತನ್ನ ಚೀಲದಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಡೈರಿಯ ಪಕ್ಕ ಬಿಡಿಸಿದಳು. 'ನಾನೇಕೆ ವೈದ್ಯೆಯಾಗಬೇಕು' ಎಂಬ ಅವಳ ಪ್ರಬಂಧದ ಮೊದಲ ಕರಡು. ಅಂಚಿನಲ್ಲಿ ಅದೇ ಹಸಿರು, ಅದೇ ಬಾಗು, ಅದೇ ಮಾತು. ನನ್ನ ಕರಡಿನಲ್ಲೂ ಇತ್ತು. ನಲವತ್ತು ವರ್ಷಗಳಿಂದ ಈ ಕಾಲೇಜಿನಿಂದ ಡಾಕ್ಟರಾಗಲು ಹೊರಟ ಪ್ರತಿಯೊಬ್ಬರ ಕರಡಿನಲ್ಲೂ ಅದು ಇದೆ. ಮುಂದೆ ಬರಹ ಕಂಡರೆ ಡಾಕ್ಟರ್ ನೊವೋಟ್ನಿಯವರ ಕೈ ತಾನಾಗಿಯೇ ಪೆನ್ನಿನ ಮುಚ್ಚಳ ತೆಗೆಯುತ್ತದೆ. ಅದು ಯಾರ ಬರಹ, ಕದ್ದು ಓದುತ್ತಿರುವುದೇ ಎಂಬುದನ್ನು ಆ ಕೈ ಕೇಳುವುದಿಲ್ಲ.

ಗೋಡೆಯ ಮೇಲಿನ ಮೀನಿನ ಚಿತ್ರ ನೆನಪಾಯಿತು. ಆಗಸ್ಟ್ ಪೂರ್ತಿ ಸರೋವರದಲ್ಲಿರುತ್ತೇನೆ, ಕಂಪ್ಯೂಟರು ಮುಟ್ಟುವುದಿಲ್ಲ ಎಂದು ಅವರು ಪ್ರತಿ ವರ್ಷ ಹೆಮ್ಮೆಯಿಂದ ಹೇಳುತ್ತಾರೆ. ಆಮೇಲೆ ಅದರ ಪಕ್ಕದ ೧೯೭೯ರ ಕಾಗದ ನೆನಪಾಯಿತು. ಅವರ ತಂದೆಯೂ ಅದೇ ಹಂದಿಮಾಂಸದ ಕಾರ್ಖಾನೆಯಲ್ಲಿದ್ದವರಂತೆ. ಮೆಡಿಕಲ್‌ಗೆ ಅರ್ಜಿ ಹಾಕಿದಾಗ ಡಾಕ್ಟರಿಗೆ ಯಾರೂ ಪತ್ರ ಬರೆದುಕೊಟ್ಟಿರಲಿಲ್ಲವಂತೆ. ಅದನ್ನು ಅವರು ನಗುತ್ತಲೇ ಹೇಳುತ್ತಿದ್ದರು. ತಮಗೆ ಮುಚ್ಚಿದ ಬಾಗಿಲು ಅದೇ ಕಾರ್ಖಾನೆಯವಳ ಮಗಳಿಗೆ ತೆರೆಯುವುದನ್ನು ಹೇಗೆ ನೋಡಿದರೋ.

ಮೇಲೆ ಬಾಗಿಲು ತೆರೆಯಿತು. ಗಡಿಯಾರದ ಗೋಪುರದಲ್ಲಿ ಮೂರು ಹೊಡೆಯುತ್ತಿತ್ತು. ಡಾಕ್ಟರ್ ನೊವೋಟ್ನಿ ನಿಧಾನವಾಗಿ ಇಳಿದು ಬಂದು ನಾಲ್ಕು ಮೆಟ್ಟಿಲು ಮೇಲೆ ನಿಂತರು. ಡ್ರಾಯರಿನಲ್ಲಿ ಇರಬೇಕಾದದ್ದು ನನ್ನ ಕೈಯಲ್ಲಿರುವುದನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಕೈ ಚಾಚಿದರು.

"ಕೊಡು, ಕೋರಾ. ಇದನ್ನ ನಾನು ನೋಡ್ಕೋತೀನಿ. ನಿಂಗೆ ಹದಿಮೂರನೇ ತಾರೀಖಿಗೆ ತಯಾರಾಗೋದಿದೆ."

ಆ ತಾರೀಖನ್ನು ನಾನು ಹೇಳಿಕೊಂಡಿದ್ದು ನನ್ನ ಕೈಯಲ್ಲಿದ್ದ ಪುಸ್ತಕಕ್ಕೆ ಮಾತ್ರ.

ಪಕ್ಕದಲ್ಲಿ ಮಾರಿಸೋಲ್ ಮೆಲ್ಲಗೆ ನನ್ನ ಕಡೆ ತಿರುಗಿದಳು. ದನಿ ಈ ಸಲ ತಗ್ಗಿಸಲಿಲ್ಲ.

"ಹದಿಮೂರಕ್ಕೆ ಎಲ್ಲಿ, ಕೋರಾ?"